ಸೈಕಲ್ಲಿಗೆ ಹೊಲಿದ ಪ್ಯಾಂಟು

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ಊರಿಗೆಲ್ಲ ದಾರಿ ಹೇಳುವುದು ನನ್ನ ಕೆಲಸ. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಎಲ್ಲಿ ಇಳಿದು ಯಾವುದನ್ನು ಹಿಡಿಯಬೇಕು ಎಂದು ಗಂಟಲು ಹರಿದುಕೊಂಡು ಹೇಳಿದ ಮೇಲೂ, "ಗ್ಯಾರಂಟಿ ಬರುತ್ತಾ ಮೇಡಂ?" ಎಂದು ಕೇಳುವ ಪುಣ್ಯಾತ್ಮರಿದ್ದಾರೆ. ಅವರಿಂದಲೇ ನನ್ನ ನಾಲಿಗೆ ಇಷ್ಟು ಹರಿತವಾಯಿತು ಎಂದು ನಮ್ಮನೆಯವರು ತಮಾಷೆ ಮಾಡುತ್ತಿದ್ದರು. ಇಷ್ಟು ಜನರನ್ನು ಊರೂರಿಗೆ ಕಳಿಸಿದವಳು ನಾನು ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ನಮ್ಮನೆಯವರು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಕ್ಕಳಿಲ್ಲದ ನಮಗೆ ಭಾನುವಾರ ಬೆಳಗ್ಗೆ ಎರಡು ಸೈಕಲ್ಲು ಹತ್ತಿ ಊರಾಚೆಯ ನೀರಿನ ಟ್ಯಾಂಕಿನವರೆಗೆ ಹೋಗಿ ಬರುವುದೇ ದೊಡ್ಡ ವಿಹಾರ. ಒಂದು ದಿನ ಕೋಟು ಸಡಿಲ ಮಾಡಿಸಿಕೊಳ್ಳಲು ಬಂದ ಗಿರಾಕಿಯೊಬ್ಬರು ಇವರ ತಲೆಯಲ್ಲಿ ಹುಳ ಬಿಟ್ಟು ಹೋದರು. ಯಾವುದೋ ಪರದೇಶದಲ್ಲಿ ಒಂದು ನದಿಯ ದಂಡೆಯುದ್ದಕ್ಕೂ ಸೈಕಲ್ ದಾರಿ ಇದೆಯಂತೆ. ಕಂಪನಿಯವರು ಸೈಕಲ್ಲು, ನಕಾಶೆ, ತಂಗಲು ರೂಮು ಎಲ್ಲ ಕೊಡುತ್ತಾರಂತೆ. ನಮ್ಮ ಚೀಲಗಳು ವ್ಯಾನಿನಲ್ಲಿ ಮುಂದಿನ ಊರಿಗೆ ಹೋಗಿರುತ್ತವೆ, ನಾವು ತುಳಿದುಕೊಂಡು ಹೋದರಾಯಿತು.

"ಜೊತೆಗೆ ಯಾರೂ ಬರಲ್ವಂತೆ ಕಣೇ. ದಾರಿ ನಾವೇ ನೋಡ್ಕೋಬೇಕಂತೆ."

"ಕಳೆದು ಹೋದ್ರೆ?"

"ಊರಿಗೆಲ್ಲ ದಾರಿ ಹೇಳೋಳನ್ನ ಕಟ್ಕೊಂಡು ನಾನ್ಯಾಕೆ ಕಳೆದು ಹೋಗ್ಲಿ?"

ಅಲ್ಲಿಂದ ಶುರುವಾಯಿತು ನೋಡಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸಂಜೆಯಾದರೆ ನಕಾಶೆ ಹರಡಿಕೊಳ್ಳುತ್ತಿತ್ತು. ಗಾಳಿ ಯಾವ ತಿಂಗಳಲ್ಲಿ ಬೆನ್ನ ಹಿಂದೆ ಇರುತ್ತದೆ, ಮಳೆ ಬಂದರೆ ಎಲ್ಲಿ ನಿಲ್ಲುವುದು, ಪಂಕ್ಚರ್ ಆದರೆ ಟ್ಯೂಬು ಬದಲಿಸಲು ಯಾರಿಗೆ ಬರುತ್ತದೆ ಎಂದು ಇಬ್ಬರೂ ಕಿತ್ತಾಡುತ್ತಿದ್ದೆವು. ನನ್ನ ನಾದಿನಿ ಬಂದವಳು ಇದನ್ನೆಲ್ಲ ನೋಡಿ, "ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀರ ಅತ್ತಿಗೆ, ನಿಮಗ್ಯಾಕೆ ಈ ಉಸಾಬರಿ?" ಎಂದು ನಕ್ಕಳು. "ಅದಕ್ಕೇ ಮೆಟ್ಟಿಲಿಲ್ಲದ ಕಡೆ ಹೋಗ್ತಿರೋದು" ಎಂದೆ. ದಾರಿಯ ನಡುವೆ ಒಂದು ಗುಡ್ಡವಿತ್ತು. ಸುತ್ತು ಹಾಕಿ ಹೋಗೋಣ ಎಂದು ನಾನು, ಹತ್ತಿಯೇ ಹೋಗಬೇಕು ಎಂದು ಇವರು. ಆ ಜಗಳ ವಾರಗಟ್ಟಲೆ ನಡೆಯಿತು.

ಒಂದು ಸಂಜೆ ಇವರೇ ಇದ್ದಕ್ಕಿದ್ದಂತೆ, "ಹೋಗ್ಲಿ ಬಿಡು, ಸುತ್ತು ಹಾಕೋಣ" ಎಂದರು. ಗೆದ್ದೆ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ. ಶಾಲೆ ಸಮವಸ್ತ್ರದ ಕೆಲಸ ರಾಶಿ ಬಿದ್ದಿದೆ ಎಂದು ಭಾನುವಾರದ ಸವಾರಿಯನ್ನೂ ಬಿಟ್ಟರು. ಅದನ್ನೂ ನಂಬಿದೆ.

ಮುಂಗಡ ಕಟ್ಟಿದ ಮೇಲೆ ಕಂಪನಿಯವರಿಂದ ಪತ್ರ ಬಂತು. ಸೈಕಲ್ಲಿನ ಸೀಟು ಹೊಂದಿಸಲು ಇಬ್ಬರ ಎತ್ತರ ಮತ್ತು ಕಾಲಿನ ಒಳ ಅಳತೆ ಬೇಕಂತೆ. ಅವತ್ತು ನನಗೆ ರಜೆ. ಇವರು ದಾರದ ಉಂಡೆ ತರಲು ಪೇಟೆಗೆ ಹೋಗಿದ್ದರು. ಅವರು ಬರುವವರೆಗೆ ಯಾಕೆ ಕಾಯುವುದು ಎಂದು ಅವರದೊಂದು ಪ್ಯಾಂಟು ತೆಗೆದು, ಒಳ ಅಳತೆ ನೋಡಲು ಒಳಮಗ್ಗುಲು ಹೊರಗೆ ತಿರುಗಿಸಿ ಮೇಜಿನ ಮೇಲೆ ಹಾಸಿದೆ.

ಸೊಂಟದ ಹಿಂಭಾಗದಲ್ಲಿ ಒಂದು ಹೊಲಿಗೆ ಇರಬೇಕಾದ ಕಡೆ ಸಾಲು ಸಾಲಾಗಿ ಹೊಲಿಗೆಗಳಿದ್ದವು. ಒಂದರ ಪಕ್ಕ ಒಂದು, ಪ್ರತಿ ಸಲವೂ ಇನ್ನಷ್ಟು ಒಳಕ್ಕೆ. ಮಡಚಿಟ್ಟ ಬಟ್ಟೆ ಅಂಗೈಯಷ್ಟು ಅಗಲವಿತ್ತು. ಹೊರಗಿನಿಂದ ನೋಡಿದರೆ ಏನೇನೂ ಗೊತ್ತಾಗುವಂತಿರಲಿಲ್ಲ, ಅಷ್ಟು ಅಚ್ಚುಕಟ್ಟು. ಬೀರು ತೆಗೆದು ಉಳಿದವನ್ನೂ ತಿರುಗಿಸಿದೆ. ಎಲ್ಲವೂ ಹಾಗೆಯೇ. ಶರ್ಟುಗಳ ಬಗಲಲ್ಲೂ ಅದೇ. ದಿನವೂ ಕಣ್ಣೆದುರು ಓಡಾಡುವ ಗಂಡ ಇಷ್ಟು ಸೊರಗಿದ್ದರೂ, ಬಟ್ಟೆ ಮೈಗೆ ಸರಿಯಾಗಿ ಕೂತಿದೆ ಎಂಬುದಷ್ಟೇ ನನಗೆ ಕಂಡಿತ್ತು.

ಅವರು ಬಂದರು. ಕೈಯಲ್ಲಿ ದಾರವಿರಲಿಲ್ಲ, ಔಷಧದ ಪೊಟ್ಟಣವಿತ್ತು.

"ಇದೇನ್ರೀ ಇದು?"

ಪ್ಯಾಂಟನ್ನು ನೋಡಿದರು, ನನ್ನ ಮುಖ ನೋಡಿದರು. "ಒಳಗಡೆ ಯಾಕೆ ನೋಡೋಕೆ ಹೋದೆ? ಯಾವ ಗಿರಾಕಿನೂ ಒಳಗಡೆ ನೋಡಲ್ಲ."

"ನಾನು ನಿಮ್ಮ ಗಿರಾಕಿಯೇನ್ರೀ?"

ಹೊಟ್ಟೆಯಲ್ಲಿ ಗಡ್ಡೆಯಂತೆ. ಡಾಕ್ಟರು ಹೇಳಿ ತಿಂಗಳುಗಳೇ ಆಗಿದ್ದವು. ಕೊಯ್ದು ತೆಗೆಯುವ ಹಂತ ಮೊದಲ ದಿನವೇ ದಾಟಿತ್ತಂತೆ. "ಹೇಳಿದ್ರೆ ನೀನು ಮೊದಲು ಪ್ರವಾಸ ರದ್ದು ಮಾಡ್ತಿದ್ದೆ. ಆ ಕಿಟಕಿ ಹಿಂದೆ ಕೂತು ಕೂತು ನಿನ್ನ ಆಯಸ್ಸು ಸವೀತು. ಒಂದ್ಸಲ ನಿನ್ನ ಅಲ್ಲಿಗೆ ಮುಟ್ಟಿಸಿಬಿಟ್ರೆ ಸಾಕು ಅಂದ್ಕೊಂಡೆ."

"ನಿಮ್ಮ ಪ್ರವಾಸಕ್ಕೆ ಬೆಂಕಿ ಹಾಕ!" ಎಂದು ಕೂಗಿದೆ. ಬಾಯಿಗೆ ಬಂದಂತೆ ಬೈದೆ. ಕೈಗೆ ಸಿಕ್ಕ ಬಟ್ಟೆಯನ್ನೆಲ್ಲ ಎಸೆದೆ. ಬೈಯುತ್ತಿದ್ದವಳಿಗೆ ಯಾವಾಗ ಅಳು ಬಂತೋ ಗೊತ್ತಿಲ್ಲ, ಅವರ ಎದೆಗೆ ತಲೆಯಿಟ್ಟಾಗ ಮೂಳೆ ತಾಗಿತು.

ಮರುದಿನ ನಾನೇ ಜೊತೆಗೆ ಹೋಗಿ ಡಾಕ್ಟರನ್ನು ಕಂಡೆ. ಗುಡ್ಡ ಬೇಡ, ಸಮತಟ್ಟಾದ ದಾರಿಯಲ್ಲಿ ಒಂದೇ ಒಂದು ದಿನ ತುಳಿಯಬಹುದೇ ಎಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿದರು. ವಿಮಾನವೂ ಬೇಡ, ಸೈಕಲ್ಲಂತೂ ಬೇಡವೇ ಬೇಡ. ಇವರು ಹೊರಗೆ ಹೋದ ಮೇಲೆ, "ನಿಮ್ಮವರನ್ನ ಕರೆಸ್ಕೊಳ್ಳಿ, ಒಬ್ರೇ ಇರಬೇಡಿ" ಎಂದರು. ಅದಕ್ಕಿಂತ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಮನೆಗೆ ಬಂದವರೇ ಇವರು ಹಟ ಹಿಡಿದರು. "ನೀನೊಬ್ಳೇ ಹೋಗಿ ಬಾ. ಒಬ್ರೇ ಬರ್ತಾರೆ ಅಂತ ಕಂಪನಿಯವರಿಗೆ ತಿಳಿಸು. ತಂಗಿ ಇರ್ತಾಳೆ ನನ್ನ ಜೊತೆ." ಬೇಡ ಎಂದಷ್ಟೂ ಊಟ ಬಿಟ್ಟರು, ಮಾತು ಬಿಟ್ಟರು. ಕೊನೆಗೆ ಹೂಂ ಎಂದೆ. ಹಿತ್ತಲಿಗೆ ಹೋಗಿ ಕಂಪನಿಗೆ ಫೋನು ಮಾಡಿದೆ. ಇಬ್ಬರದೂ ರದ್ದು ಮಾಡಿ ಎಂದೆ. ಆ ಕಡೆಯ ಹೆಣ್ಣುಮಗಳು ಒಳ್ಳೆಯವಳು, ಮುಂದಿನ ವರ್ಷಕ್ಕೆ ಹಾಕಿಡಲೇ ಎಂದು ಕೇಳಿದಳು. ನಾನು ಫೋನು ಇಟ್ಟುಬಿಟ್ಟೆ. ಒಳಗೆ ಬಂದು, "ಒಬ್ರೇ ಅಂತ ತಿಳಿಸಾಯ್ತು" ಎಂದೆ.

ಆ ಮಾತಿಗೆ ಅವರ ಮುಖ ಬೆಳಗಿದ್ದನ್ನು ನೋಡಬೇಕಿತ್ತು. ಟೇಪು ತರಲು ಹೇಳಿ ನನ್ನ ಅಳತೆ ತೆಗೆದರು. ಸೈಕಲ್ ತುಳಿಯಲು ನನಗೊಂದು ಪ್ಯಾಂಟು ಬೇಕಂತೆ. ಚೈನಿಗೆ ಸಿಗದ ಹಾಗೆ ಕೆಳಗೆ ಕಿರಿದು, ಕೂರುವ ಕಡೆ ಎರಡು ಪದರ. ಮೆಷಿನ್ ತುಳಿಯಲು ಕಾಲಲ್ಲಿ ಕಸುವಿಲ್ಲದೆ, ಮಂಚದ ಮೇಲೆ ದಿಂಬಿಗೊರಗಿ ಕೈಯಲ್ಲೇ ಹೊಲಿದರು. ಎರಡು ಹೊಲಿಗೆ ಹಾಕುವುದು, ಕಣ್ಣು ಮುಚ್ಚುವುದು, ಮತ್ತೆ ಸೂಜಿ ಹಿಡಿಯುವುದು. ನಾನು ಪಕ್ಕದಲ್ಲಿ ನಕಾಶೆ ಹಿಡಿದು, ಇಲ್ಲಿ ಸೇತುವೆ, ಇಲ್ಲಿ ಎಡಕ್ಕೆ ತಿರುಗಬೇಕು ಎಂದು ನಾಟಕವಾಡುತ್ತಿದ್ದೆ. ಮಳೆಯಂಗಿ ಕೂಡ ಕೊಂಡು ತಂದು ತೋರಿಸಿದೆ. ನನ್ನ ಸುಳ್ಳಿಗೆ ನನಗೇ ಹೇಸಿಗೆಯಾಗುತ್ತಿತ್ತು.

ಪ್ಯಾಂಟು ಮುಗಿದ ಮಧ್ಯಾಹ್ನ ಹಾಕಿಕೊಂಡು ಬಂದು ಮಂಚದ ಮುಂದೆ ನಿಂತೆ. "ತುಂಬಾ ಚೆನ್ನಾಗಿದೆ ರೀ" ಎಂದೆ.

ಅವರು ಸುಮಾರು ಹೊತ್ತು ನೋಡಿದರು. "ಯಾವತ್ತು ರದ್ದು ಮಾಡ್ದೆ?"

"ಏನು?"

"ಹಾಕ್ಕೊಳ್ಳೋರು ಕೂತು ನೋಡ್ತಾರೆ ಕಣೇ. ಬಗ್ಗಿ ನೋಡ್ತಾರೆ, ಕಾಲೆತ್ತಿ ನೋಡ್ತಾರೆ, ಅಲ್ಲಿ ಹಿಡಿಯುತ್ತೆ, ಇಲ್ಲಿ ಎಳೆಯುತ್ತೆ ಅಂತ ನನ್ನ ಪ್ರಾಣ ತಿಂತಾರೆ. ನಿನ್ನಂಥೋಳು ನಿಂತ ಕಡೆ ನಿಂತೇ ಚೆನ್ನಾಗಿದೆ ಅಂದ್ರೆ ನಾನು ನಂಬಬೇಕಾ?"

"ಅವತ್ತೇ ಮಾಡ್ದೆ" ಎಂದೆ. "ನಿಮ್ಮನ್ನ ಇಲ್ಲಿ ಮಲಗಿಸಿ ನಾನು ಅಲ್ಲಿ ಬೆಲ್ಲು ಹೊಡ್ಕೊಂಡು ಓಡಾಡ್ಲಾ? ನನ್ನ ಕೈಲಿ ಆಗಲ್ಲ ರೀ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನ್ನ ಕೈ ಹಿಡಿದು, "ಈಗ ಅಂತ ಯಾರು ಹೇಳಿದ್ರು? ಆಮೇಲೆ ಹೋಗು" ಎಂದರು.

ಆಮೇಲೆ. ಇಷ್ಟು ದಿನ ಇಬ್ಬರೂ ಬಾಯಿಗೆ ತಾರದ ಮಾತು ಅದು. ಅವರೇ ಆಡಿಬಿಟ್ಟರು. ನಾನು ಗೊಳೋ ಎಂದು ಅತ್ತೆ, ಅವರೂ ಅತ್ತರು. ನಾದಿನಿ ಅಡುಗೆಮನೆಯಿಂದ ಓಡಿ ಬಂದವಳು ಬಾಗಿಲಲ್ಲೇ ನಿಂತಳು.

ಅತ್ತು ಸಾಕಾದ ಮೇಲೆ, "ಕೂತು ನೋಡು" ಎಂದರು. ಮಂಚದ ತುದಿಯಲ್ಲಿ ಕೂತು ಪೆಡಲು ತುಳಿಯುವಂತೆ ಒಂದೊಂದೇ ಕಾಲು ಎತ್ತಿದೆ.

"ತೊಡೆ ಹತ್ರ ಹಿಡಿಯುತ್ತೆ" ಎಂದೆ. "ಎರಡೂ ಕಡೆ."

"ಹಾಗೆ ಹೇಳು ಮತ್ತೆ. ಬಿಚ್ಚಿ ಕೊಡು, ಹೊಲಿಗೆ ಒಳಗೆ ಹೆಚ್ಚಿಗೆ ಬಟ್ಟೆ ಬಿಟ್ಟಿದ್ದೀನಿ."

ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚಿ ಬಲಗಾಲನ್ನು ಸಡಿಲ ಮಾಡಿ ಹೊಲಿದರು. ಅಷ್ಟಕ್ಕೇ ಸಂಜೆಯಾಯಿತು. ಎಡಗಾಲಿಗೆ ಬರುವಾಗ ಸೂಜಿ ಬೆರಳಿನಿಂದ ಜಾರತೊಡಗಿತು. "ನಾಳೆ ಮಾಡ್ಕೊಡ್ತೀನಿ" ಎಂದು ಮಡಚಿ ದಿಂಬಿನ ಪಕ್ಕ ಇಟ್ಟುಕೊಂಡರು.

ಈಗ ಹಾಕಿಕೊಂಡು ಕೂತರೆ ಬಲಗಾಲು ಸರಿಯಾಗಿದೆ, ಎಡಗಾಲು ಹಿಡಿಯುತ್ತದೆ. ಒಳಗೆ ಅವರು ಬಿಟ್ಟ ಬಟ್ಟೆ ಹಾಗೇ ಇದೆ. ಬೇರೆ ದರ್ಜಿಯ ಹತ್ತಿರ ಕೊಡಲು ನನ್ನಿಂದ ಆಗಿಲ್ಲ.