ಮೊದಲ ಸಲ ಕೇಳಿದ ಹಾಗೆ

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವುದನ್ನು ಕಲಿಸುವ ನಮ್ಮ ಆಸ್ಪತ್ರೆಯ ತರಗತಿಯಲ್ಲಿ ಆ ದಿನ ಚಹಾ ವಿರಾಮ ಅರ್ಧ ಗಂಟೆ ತಡವಾಯಿತು ಎಂಬ ಘೋರ ಸಂಗತಿಯನ್ನು ಮೊದಲೇ ದಾಖಲಿಸಿಬಿಡುತ್ತೇನೆ. ಕಲಿಸುವ ದೊಡ್ಡ ಸಿಸ್ಟರ್ ಮೊದಲನೆಯ ಪಾಠವನ್ನೇ ಮೂರನೆಯ ಸಲ ಶುರುಮಾಡಿದ್ದರು.

"ಅವ್ರು ಹೇಳಿದ್ದನ್ನೇ ಹೇಳಿದ್ರೂ 'ಆಗ್ಲೇ ಹೇಳಿದ್ರಲ್ಲ' ಅನ್ಬಾರ್ದು. ಮೊದಲ ಸಲ ಕೇಳಿದ ಹಾಗೆ ಕೇಳಿ."

ನಾವು ಹನ್ನೊಂದು ಜನ ಹಾಗೆಯೇ ಕೇಳಿದೆವು. ಇದು ನಮಗಿಟ್ಟ ಪರೀಕ್ಷೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

"ಏನ್ ನಟನೆ ಕಣೇ! ಸಿನಿಮಾಕ್ಕೆ ಹೋಗ್ಬೇಕಿತ್ತು ಇವ್ರು," ಎಂದು ನಾವು ವಟವಟ ಎಂದು ಕರೆಯುತ್ತಿದ್ದ ಹುಡುಗಿ ನನ್ನ ಕಿವಿ ಕಚ್ಚಿದಳು.

"ಬಾಯ್ಮುಚ್ಚೇ, ಮಾರ್ಕ್ಸ್ ಹೋಗುತ್ತೆ."

ಹೇಳಿದ್ದನ್ನು ಶ್ರದ್ಧೆಯಿಂದ ಮೂರನೆಯ ಸಲವೂ ಬರೆದುಕೊಂಡೆವು. ಅಷ್ಟರಲ್ಲಿ ಸಿಸ್ಟರ್ ಮಗಳು ಬಾಗಿಲಿಗೆ ಬಂದಳು. ಅವಳು ಅದೇ ಆಸ್ಪತ್ರೆಯಲ್ಲಿ ಔಷಧಿ ಕೊಡುವವಳು.

"ಅಮ್ಮಾ, ಚಹಾ ಆರ್ತಾ ಇದೆ. ಇನ್ನೂ ಮುಗೀಲಿಲ್ವಾ?"

ಸಿಸ್ಟರ್ ಅವಳನ್ನು ನೋಡಿ, ನಮಗೆ ಕಲಿಸಿದ್ದ ಅದೇ ಮೆತ್ತನೆಯ ದನಿಯಲ್ಲಿ, "ಬಾಮ್ಮಾ, ಕೂತ್ಕೋ. ಹೊಸದಾಗಿ ಸೇರಿದ್ಯಾ? ಹೆಸರೇನು?" ಎಂದರು.

ವಟವಟ ಚಪ್ಪಾಳೆ ತಟ್ಟಿದಳು. ಮಗಳ ಮುಖ ಬಿಳಿಚಿಕೊಂಡಿದ್ದು ಕಂಡು ಅವಳ ಕೈ ಹಾಗೇ ನಿಂತುಹೋಯಿತು.

"ಎಷ್ಟೊತ್ತಿಂದ ಹೀಗಿದಾರೆ?" ಮಗಳು ಕೇಳಿದಳು.

"ಬೆಳಗ್ಗೆಯಿಂದ ಅಕ್ಕಾ," ಎಂದೆ. "ನಾವು ಪರೀಕ್ಷೆ ಅಂದ್ಕೊಂಡ್ವಿ."

ಮಗಳು ತಾಯಿಯ ಕೈ ಹಿಡಿದು ನೇರವಾಗಿ ವೈದ್ಯರ ಕೋಣೆಗೆ ಕರೆದೊಯ್ದಳು. ಅದೇ ಕಾಯಿಲೆ ಎಂದು ಆ ವಾರವೇ ಖಚಿತವಾಯಿತು. ಉಳಿದ ಪಾಠಗಳನ್ನು ಬೇರೊಬ್ಬರು ಮುಗಿಸಿದರು.