ಕೋಟಿನೊಳಗಿನ ಹಳದಿ

ಮಳೆಗಾಲ ಬಂತೆಂದರೆ ನಮ್ಮ ಕಡೆ ಎಲ್ಲರಿಗೂ ಬಟ್ಟೆಯದೇ ಚಿಂತೆ. ತೊಳೆದದ್ದು ಒಣಗುವುದಿಲ್ಲ, ಒಣಗಿದ್ದಕ್ಕೆ ವಾಸನೆ ಹೋಗುವುದಿಲ್ಲ. ಅದಕ್ಕೇ ಈ ದಿನಗಳಿಗೆ ಬಟ್ಟೆ ಕೊಳ್ಳುವಾಗ ಹೆಚ್ಚಿನವರು ಕೇಳುವುದು ಒಂದೇ, ಕೊಳೆ ಕಾಣದ ಬಣ್ಣ.

ವಾನಳ್ಳಿ ಕಡೆಯ ದೇವಕಿಯೂ ಶಿರಸಿಯ ಅಂಗಡಿಯಲ್ಲಿ ಅದನ್ನೇ ಕೇಳಿದಳು. ಅಂಗಡಿಯವನು ಹಳದಿ ರೇನ್‌ಕೋಟು ತೆಗೆದು ಹರವಿದ. ಕಿತ್ತಳೆ ಬಣ್ಣದ್ದೂ ಇದೆ ಎಂದ. ದೇವಕಿ ಅವೆರಡನ್ನೂ ಬದಿಗೆ ಸರಿಸಿ, ಕಪ್ಪೋ ಹಸಿರೋ ಎಂದು ಹೇಳಲಾಗದ ಒಂದು ಕೋಟನ್ನು ಆರಿಸಿಕೊಂಡಳು. ಕೆಸರು ಎಷ್ಟು ಸಿಡಿದರೂ ಅದರ ಮೇಲೆ ಗೊತ್ತೇ ಆಗುವುದಿಲ್ಲ ಎಂಬುದು ಅವಳ ಸಮಾಧಾನ.

ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಅಂಗಡಿಯವನಿಗೆ ಹೇಳಲಿಲ್ಲ, ನಾನು ನಿಮಗೆ ಹೇಳುತ್ತೇನೆ. ದೇವಕಿ ಸೈಕಲ್ ಕಲಿತು ಇನ್ನೂ ವರ್ಷವಾಗಿರಲಿಲ್ಲ. ಮಗಳು ಅಭಿಜ್ಞಾ ಕಾಲೇಜು ಸೇರಿ ಶಿರಸಿಯ ಹಾಸ್ಟೆಲಿಗೆ ಹೋದಮೇಲೆ ಅವಳ ಸೈಕಲ್ಲು ಗೋಡೆಗೆ ಒರಗಿಕೊಂಡಿತ್ತು. ಊರ ಮಹಿಳಾ ಸಂಘದ ಹೊಲಿಗೆ ಕೇಂದ್ರಕ್ಕೆ ಹೋಗಲು ಬಸ್ಸನ್ನು ಕಾದು ಕಾದು ಸಾಕಾಗಿದ್ದ ದೇವಕಿ, ಯಾರೂ ಇಲ್ಲದ ಹೊತ್ತು ನೋಡಿ ಅದನ್ನು ಅಂಗಳಕ್ಕೆ ಇಳಿಸಿದಳು. ಬಿದ್ದಳು, ಎದ್ದಳು, ಕಲಿತಳು. ತಲೆಗೂದಲು ಅಲ್ಲಲ್ಲಿ ನರೆತ ಹೆಂಗಸು ಸೈಕಲ್ ಹೊಡೆಯುತ್ತಾಳೆ ಎಂದು ಜನ ಆಡಿಕೊಂಡರೆ ಎಂಬ ನಾಚಿಕೆ ಮಾತ್ರ ಹೋಗಲಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ಹೋಗಿ ಬಂದರೆ ಸಾಕಿತ್ತು ಅವಳಿಗೆ. ಆ ಕೋಟು ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ಅವಳನ್ನು ಮೊದಲು ಎಚ್ಚರಿಸಿದವಳು ಪಕ್ಕದ ಕೇರಿಯ ಪ್ರತಿಭಾ. ಪ್ರತಿಭಾ ಗೂಡ್ಸ್ ರಿಕ್ಷಾ ಓಡಿಸುತ್ತಾಳೆ. ಬಾಳೆಗೊನೆ, ಹಿಂಡಿ ಚೀಲ, ಮದುವೆಮನೆಯ ಪಾತ್ರೆ ಎಲ್ಲವೂ ಅವಳ ಗಾಡಿಯಲ್ಲೇ ಹೋಗಬೇಕು. ದಾರಿಯಲ್ಲಿ ಸಿಕ್ಕಾಗಲೆಲ್ಲ ಅವಳದು ಒಂದೇ ತಕರಾರು. ಈ ಕೋಟು ಹಾಕಿಕೊಂಡು ಮರದ ಬದಿಯಲ್ಲಿ ಬಂದರೆ ಮರ ಯಾವುದು, ದೇವಕ್ಕ ಯಾರು ಎಂದು ತಿಳಿಯುವುದಿಲ್ಲ ಎನ್ನುತ್ತಿದ್ದಳು. ದೇವಕಿ ನಕ್ಕು, ನಿನಗೆ ಕನ್ನಡಕ ಬೇಕೇನೋ ಎನ್ನುತ್ತಿದ್ದಳು.

ಹೇಳಿ ಹೇಳಿ ಬೇಸತ್ತ ಪ್ರತಿಭಾ ಒಂದು ದಿನ ಶಿರಸಿಯಿಂದ ಬರುವಾಗ ಒಂದು ಜಾಕೀಟು ತಂದುಕೊಟ್ಟಳು. ರಸ್ತೆ ಕೆಲಸದವರು ಹಾಕಿಕೊಳ್ಳುತ್ತಾರಲ್ಲ, ಕಣ್ಣಿಗೆ ಹೊಡೆಯುವ ಹಳದಿ ಬಣ್ಣದ್ದು, ಮುಂದೆ ಹಿಂದೆ ರೇಡಿಯಂ ಪಟ್ಟಿ ಹೊಲಿದದ್ದು, ಅಂಥದ್ದು. ಬೇಡ ಎಂದರೆ ಹುಡುಗಿ ಬೇಜಾರು ಮಾಡಿಕೊಳ್ಳುತ್ತಾಳೆ. ದೇವಕಿ ತೆಗೆದುಕೊಂಡಳು. ಮಾರನೆಯ ದಿನದಿಂದ ಹಾಕಿಕೊಂಡಳು ಕೂಡ.

ಹಾಕಿಕೊಂಡದ್ದು ಎಲ್ಲಿ ಅಂತೀರಿ? ಆ ಕಪ್ಪು ಕೋಟಿನ ಒಳಗೆ.

ನಗಬೇಡಿ. ಹೊಸ ಕೊಡೆ ಗೂಟದಲ್ಲಿ ತೂಗುತ್ತಿರುವಾಗ ಹರಿದ ಕೊಡೆ ಹಿಡಿದು ಹೊರಡುವವರು ನಾವೇ. ಹೊಸ ಚಾಪೆಯನ್ನು ನೆಂಟರಿಗೆಂದು ಅಟ್ಟಕ್ಕೆ ಹಾಕುವವರೂ ನಾವೇ. ಹೊಸ ಜಾಕೀಟು ಮಳೆ ಕೆಸರಿಗೆ ಹಾಳಾಗಬಾರದೆಂದು ದೇವಕಿ ಅದರ ಮೇಲೆ ಕೋಟು ಹಾಕಿದಳು. ಮೈಗೆ ಬೆಚ್ಚಗೂ ಇತ್ತು, ಪ್ರತಿಭಾಳ ಮಾತು ಉಳಿಸಿಕೊಂಡ ಹಾಗೂ ಆಯಿತು.

ಶ್ರಾವಣದ ಒಂದು ಸಂಜೆ. ಸಂಜೆ ಎನ್ನುವಷ್ಟೂ ಹೊತ್ತಾಗಿರಲಿಲ್ಲ, ಆದರೆ ಮೋಡ ಕವಿದು ದಾರಿಯೆಲ್ಲ ಮಬ್ಬಾಗಿತ್ತು. ಜಡಿಮಳೆ. ದೇವಕಿ ಹೊಲಿಗೆ ಕೇಂದ್ರದಿಂದ ಮನೆಗೆ ಬರುತ್ತಿದ್ದಳು. ಎರಡೂ ಕಡೆಯ ಮರಗಳು ಮೇಲೆ ಒಂದನ್ನೊಂದು ಮುಟ್ಟುವ ತಿರುವೊಂದಿದೆ, ಅಲ್ಲಿ ಹಗಲೂ ಕತ್ತಲೆಯೇ. ಅವಳು ಆ ತಿರುವಿಗೆ ಬರುವುದಕ್ಕೂ ಹಿಂದಿನಿಂದ ಒಂದು ಗಾಡಿ ಬರುವುದಕ್ಕೂ ಸರಿಹೋಯಿತು. ಬ್ರೇಕಿನ ಕೂಗು ಕೇಳಿಸಿತು. ದೇವಕಿ ಬೆದರಿ ಹ್ಯಾಂಡಲ್ ತಿರುಗಿಸಿದಳು, ಸೈಕಲ್ ಸಮೇತ ಚರಂಡಿಗೆ ಬಿದ್ದಳು. ಗಾಡಿ ಜಾರಿಕೊಂಡು ಹೋಗಿ ಅವಳು ಅದುವರೆಗೆ ಇದ್ದ ಜಾಗದಲ್ಲೇ ನಿಂತಿತು.

ಇಳಿದು ಓಡಿಬಂದವಳು ಪ್ರತಿಭಾ. ದೇವಕಿಯನ್ನು ಎತ್ತಿ ಕೂರಿಸಿ, ಎಲ್ಲಿ ಪೆಟ್ಟಾಯಿತೆಂದು ನೋಡಲು ಕೋಟಿನ ಗುಂಡಿ ಬಿಚ್ಚಿದಳು. ಒಳಗೆ ತಾನು ಕೊಟ್ಟ ಜಾಕೀಟು, ಒಂದು ಕಲೆಯೂ ಇಲ್ಲದೆ ಹೊಸದಾಗಿಯೇ ಇತ್ತು.

"ಹೊಸದು, ಹಾಳಾಗ್ತದೆ ಅಂತ ಒಳಗೆ ಹಾಕ್ಕೊಂಡಿದ್ದೆ" ಎಂದಳು ದೇವಕಿ.

ಪ್ರತಿಭಾ ಬೈಯಲಿಲ್ಲ, ನಗಲೂ ಇಲ್ಲ. "ಅಕ್ಕಾ, ನಾನು ಮೆಲ್ಲಗೇ ಬರ್ತಿದ್ದೆ. ಆದ್ರೂ ನೀವು ಕಾಣ್ಲಿಲ್ಲ. ನನ್ನ ಕೈಯಲ್ಲೇ ಆಗಿಹೋಗ್ತಿತ್ತಲ್ಲ" ಎಂದು ಅಳತೊಡಗಿದಳು. ಮೊಣಕಾಲು ತರಚಿಕೊಂಡ ದೇವಕಿಯೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಮನೆಯಲ್ಲಿ ಗಂಡ ಸದಾಶಿವ ಹೆಗಡೆ ಮೊಣಕಾಲು ನೋಡಿದ. ಮುಲಾಮು ಹಚ್ಚಿದ. ಆಮೇಲೆ ಬಾಯಿಬಿಟ್ಟ.

"ಸೈಕಲ್ ಸಹವಾಸ ಸಾಕು. ನಾಳಿಂದ ಅದು ಕೊಟ್ಟಿಗೆಲ್ಲಿ ಇರ್ಲಿ. ಬಸ್ಸು ಸಿಕ್ಕಿದ್ರೆ ಹೋಗು, ಇಲ್ದಿದ್ರೆ ಬೇಡ."

ಅವನು ಸಿಟ್ಟಿನಿಂದ ಹೇಳಿದ್ದಲ್ಲ, ಹೆದರಿ ಹೇಳಿದ್ದು. ಅದಕ್ಕೇ ದೇವಕಿ ಒಪ್ಪಿಕೊಂಡಳು. ಆದರೆ ಸೈಕಲ್ಲನ್ನು ಕೊಟ್ಟಿಗೆಗೆ ನೂಕಿಕೊಂಡು ಹೋಗುವಾಗ ಕಣ್ಣು ತುಂಬಿತು. ಮದುವೆಯಾದಾಗಿನಿಂದ ಅವಳು ಎಲ್ಲಿಗೆ ಹೋಗಬೇಕಾದರೂ ಬಸ್ಸನ್ನೋ ಗಂಡನನ್ನೋ ಕಾಯಬೇಕಿತ್ತು. ತನಗೆ ಬೇಕಾದ ಹೊತ್ತಿಗೆ ಹೊರಟು ತನ್ನ ಕಾಲ ಬಲದಲ್ಲಿ ಹೋಗಿ ಬರುವ ಸುಖ ಈ ಒಂದೇ ವರ್ಷ ಸಿಕ್ಕಿದ್ದು. ಅದು ಇಲ್ಲಿಗೆ ಮುಗಿಯಿತೇ?

ಮರುದಿನ ಮಳೆಯಲ್ಲೇ ಪ್ರತಿಭಾ ಮನೆಗೆ ಬಂದಳು. ಸದಾಶಿವ ಅವಳಿಗೆ ಚಹಾ ಕೊಡಿಸಿದ, ಜೊತೆಗೆ ತನ್ನ ತೀರ್ಮಾನವನ್ನೂ ಹೇಳಿದ. ಪ್ರತಿಭಾ ಪೂರ್ತಿ ಕೇಳಿಸಿಕೊಂಡಳು. ತಪ್ಪು ಸೈಕಲ್ಲಿನದ್ದಲ್ಲ, ಬಣ್ಣದ್ದು ಎಂದಳು. ಸದಾಶಿವ ಒಪ್ಪಲಿಲ್ಲ. ಕಣ್ಣು ಬಿಟ್ಟುಕೊಂಡು ಓಡಿಸುವವನಿಗೆ ಎಂಥ ಬಣ್ಣವಾದರೂ ಕಾಣಬೇಕು ಎಂದ. ನಾನೂ ದಿನಾ ಡೈರಿಗೆ ಕಪ್ಪು ಕೊಡೆ ಹಿಡಿದೇ ಸೈಕಲ್ ಮೇಲೆ ಹೋಗುತ್ತೇನೆ, ಏನಾಯಿತು ಎಂದ.

"ಮಾತು ಬೇಡ ಹೆಗಡೇರೆ. ಒಂದ್ಸಲ ನೋಡೇಬಿಡುವ" ಎಂದಳು ಪ್ರತಿಭಾ.

ಗಾಡಿಗಳ ಓಡಾಟವಿಲ್ಲದ ಒಂದು ಒಳದಾರಿಗೆ ಮೂವರೂ ಹೋದರು. ಸದಾಶಿವ ಹೆಂಡತಿಯ ಕೋಟು ತೊಟ್ಟು, ಸೈಕಲ್ ಹಿಡಿದು, ದಾರಿ ಬಿಟ್ಟು ಚೆನ್ನಾಗಿ ಆಚೆಗೆ ಒಂದು ಮರದ ಬದಿಯಲ್ಲಿ ನಿಲ್ಲಬೇಕು. ದೇವಕಿ ಪ್ರತಿಭಾಳ ಪಕ್ಕ ಗಾಡಿಯಲ್ಲಿ ಕೂರಬೇಕು. ಗಾಡಿ ದೂರ ಹೋಗಿ ತಿರುಗಿಕೊಂಡು ಮೆಲ್ಲನೆ ಬಂತು.

ದೇವಕಿ ಗಾಡಿ ಓಡಿಸುವವರ ಕಡೆಯಿಂದ ಮಳೆ ನೋಡಿದ್ದು ಅದೇ ಮೊದಲು. ಗಾಜಿನ ಮೇಲೆ ನೀರು. ವೈಪರ್ ಒರೆಸಿದ ಗಳಿಗೆಯಲ್ಲಿ ದಾರಿ ಕಾಣುತ್ತಿತ್ತು, ಮರುಗಳಿಗೆಗೆ ಮಸುಕು. ಮರ, ಪೊದೆ, ನೆರಳು ಎಲ್ಲ ಒಂದೇ ಬಣ್ಣ. ಗಂಡ ಅಲ್ಲೇ ಎಲ್ಲೋ ನಿಂತಿದ್ದಾನೆಂದು ಅವಳಿಗೆ ಗೊತ್ತು. ಹುಡುಕುತ್ತಲೇ ಇದ್ದಳು.

"ಇವರು ಎಲ್ಲಿದಾರೆ? ಕಾಣೋದೇ ಇಲ್ವಲ್ಲೆ."

"ನಂಗೂ ನಿನ್ನೆ ಹಿಂಗೇ ಅಕ್ಕಾ."

ಅಷ್ಟರಲ್ಲಿ ಮರದ ಕಾಂಡವೆಂದುಕೊಂಡದ್ದು ಕೈಯಾಡಿಸಿತು. ಸದಾಶಿವ ಹತ್ತಿರದಲ್ಲೇ ಇದ್ದ. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯ, ಅವನನ್ನೇ ಹುಡುಕುತ್ತಿದ್ದ ಅವಳಿಗೇ ಕಂಡಿರಲಿಲ್ಲ. ಹುಡುಕದೇ ಬರುವ ಯಾರೋ ಅಪರಿಚಿತರಿಗೆ ಹೇಗೆ ಕಂಡಾನು?

ಸದಾಶಿವನಿಗೆ ನಂಬಿಕೆ ಬರಲಿಲ್ಲ, ಮನೆಮಾತಿನಲ್ಲೇ ಕೇಳಿದ. "ಆನು ಇಲ್ಲೇ ನಿಂತಿದ್ದಿ. ಕಂಡಿದ್ದಿಲ್ಯಾ?"

"ಕಂಡಿದ್ದಿಲ್ಲೆ. ಹತ್ರ ಬಪ್ಪವರೆಗೂ ಕಂಡಿದ್ದಿಲ್ಲೆ" ಎಂದಳು ದೇವಕಿ. ಅವಳ ದನಿ ಕೇಳಿ ಅವನು ಕೋಟು ಬಿಚ್ಚಿಕೊಟ್ಟ.

ಈಗ ಸದಾಶಿವ ಗಾಡಿ ಹತ್ತಿದ. ದೇವಕಿ ಕೋಟಿನ ಮೇಲೆ ಹಳದಿ ಜಾಕೀಟು ಹಾಕಿ ಅದೇ ಮರದ ಬದಿಯಲ್ಲಿ ನಿಂತಳು. ಗಾಡಿ ದೂರದ ಮೋರಿಯ ಹತ್ತಿರ ಬರುತ್ತಲೇ ಸದಾಶಿವ ಬೆರಳು ಮಾಡಿ ತೋರಿಸಿದನಂತೆ. ಪ್ರತಿಭಾ ದೀಪ ಹಾಕಿದಳು. ರೇಡಿಯಂ ಪಟ್ಟಿಗಳು ಫಳ್ಳೆಂದು ಹೊಳೆದವು.

ಸದಾಶಿವ ಅಷ್ಟಕ್ಕೇ ಸೋಲುವವನಲ್ಲ. ಹಳದಿಯೇ ಯಾಕೆ, ಬಿಳಿಯೂ ಎದ್ದು ಕಾಣುತ್ತದಲ್ಲ ಎಂದ. ಅದನ್ನೂ ನೋಡಿಯಾಯಿತು. ಅವನ ಹೆಗಲ ಮೇಲಿದ್ದ ಬಿಳಿ ಪಂಚೆಯನ್ನೇ ದೇವಕಿ ಹೊದ್ದು ನಿಂತಳು. ಕಪ್ಪಿಗಿಂತ ವಾಸಿ, ಆದರೆ ಆ ಮಂಜು ಮಳೆಯಲ್ಲಿ ಬಿಳಿ ಮಂಜಿನ ಜೊತೆಗೇ ಸೇರಿಹೋಗುತ್ತಿತ್ತು. ಮಬ್ಬಿನಲ್ಲಿ ಕೆಂಪೂ ಕಪ್ಪಗೇ ಕಾಣುತ್ತದೆ ಎಂದು ಪ್ರತಿಭಾ ಹೇಳಿದಳು. ಹಗಲಿನ ಮಬ್ಬಿಗೆ ಹೊಡೆದು ಕಾಣುವ ಹಳದಿ ಅಥವಾ ಕಿತ್ತಳೆ ಬೇಕು. ಕತ್ತಲೆಯಾದರೆ ಬಣ್ಣ ಸಾಲದು, ಗಾಡಿಯ ದೀಪಕ್ಕೆ ಹೊಳೆಯುವ ಪಟ್ಟಿ ಬೇಕು, ಸೈಕಲ್ಲಿಗೆ ಹಿಂದೆ ಮುಂದೆ ದೀಪವೂ ಬೇಕು. ಪಟ್ಟಿಯನ್ನು ಕಾಲಿನ ಹತ್ತಿರ ಕಟ್ಟಿದರೆ ಪೆಡಲ್ ತುಳಿದ ಹಾಗೆ ಅದು ಮೇಲೆ ಕೆಳಗೆ ಆಡಿ ಇನ್ನೂ ಬೇಗ ಗೊತ್ತಾಗುತ್ತದೆ. ಬೆನ್ನಿಗೆ ಚೀಲ ಹಾಕಿದರೆ ಬಣ್ಣ ಚೀಲದ ಮೇಲೂ ಇರಲಿ.

"ಒಟ್ಟು ಎಲ್ಲಕ್ಕಿಂತ ಹೊರಗೆ ಇರ್ಬೇಕು ಅಕ್ಕಾ, ಒಳಗಲ್ಲ" ಎಂದು ಕೊನೆಗೆ ಸೇರಿಸಿದಳು. ಮೂವರಿಗೂ ನಗು ಬಂತು.

ಮನೆಗೆ ಬಂದ ಸದಾಶಿವ ಕೊಟ್ಟಿಗೆಯತ್ತ ನಡೆದ. ಸೈಕಲ್ಲನ್ನು ತಾನೇ ಹೊರಗೆ ತಂದು, ಚೈನಿಗೆ ಎಣ್ಣೆ ಬಿಟ್ಟು, ಅಂಗಳದ ತುದಿಯಲ್ಲಿ ನಿಲ್ಲಿಸಿದ.

ಮಾರನೆಯ ದಿನ ದೇವಕಿ ಹಳದಿ ಜಾಕೀಟನ್ನು ಕೋಟಿನ ಮೇಲೆಯೇ ಹಾಕಿಕೊಂಡು ಹೊರಟಳು. ದಾರಿಯಲ್ಲಿ ಕಿರಾಣಿ ಅಂಗಡಿಯ ಪರಿಮಳಾ ಬಾಗಿಲಿಗೇ ಬಂದು ನಿಂತು, ಇದೆಂತ ದೇವಕ್ಕಾ, ಆಚೆ ಊರಿಗೇ ಕಾಣ್ತಿದೀರಲ್ಲ ಎಂದು ನಕ್ಕಳು. ನಿನ್ನೆ ಮೊನ್ನೆಯ ದೇವಕಿಯಾಗಿದ್ದರೆ ತಲೆ ತಗ್ಗಿಸುತ್ತಿದ್ದಳು.

"ಕಾಣ್ಲಿ ಅಂತ್ಲೇ ಹಾಕಿದ್ದು" ಎಂದು ಗಂಟೆ ಹೊಡೆದು ಮುಂದೆ ಹೋದಳು.

ಈಗ ಹೊಲಿಗೆ ಕೇಂದ್ರದಲ್ಲಿ ಶಾಲೆ ಮಕ್ಕಳ ರೇನ್‌ಕೋಟಿಗೂ ಚೀಲಕ್ಕೂ ರೇಡಿಯಂ ಪಟ್ಟಿ ಹಚ್ಚಿಕೊಡುತ್ತಾರೆ. ಮೊದಲು ತನ್ನ ಮಕ್ಕಳ ಕೋಟು ತಂದು ಕೊಟ್ಟವಳು ಪರಿಮಳಾ. ಸದಾಶಿವನೂ ಒಂದು ಹಳದಿ ಕೋಟು ಹೊಲಿಸಿಕೊಂಡ, ಅದಕ್ಕೆ ಅವನು ಕೊಟ್ಟ ಕಾರಣ ಕೊಡೆಯ ಕಡ್ಡಿ ಮುರಿದಿದೆ ಎಂದು. ದೇವಕಿ ಕೊಡೆಯನ್ನು ಬಿಚ್ಚಿ ನೋಡಲು ಹೋಗಲಿಲ್ಲ.

ಮೊದಲೆಲ್ಲ ಅವನು ಡೈರಿಯಿಂದ ಬರುವುದು ತಡವಾದರೆ, ಹಾಲಿನ ಕ್ಯಾನಿನ ಸದ್ದು ಕೇಳುವವರೆಗೂ ದೇವಕಿಗೆ ಕಸಿವಿಸಿ. ಈಗ ಮಳೆ ಎಷ್ಟೇ ಜಡಿಯಲಿ, ದೂರದ ತಿರುವಿನಲ್ಲಿ ಒಂದು ಹಳದಿ ಚುಕ್ಕೆ ಕಾಣುತ್ತದೆ. ಬಂದರು ಎಂದು ಅವಳು ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಒಂದು ಕೆಲಸ ಮಾಡಿ. ಗೂಟದಲ್ಲಿ ತೂಗುವ ನಿಮ್ಮ ರೇನ್‌ಕೋಟನ್ನು ಮನೆಯವರೊಬ್ಬರಿಗೆ ತೊಡಿಸಿ, ದೂರದ ಮರದ ಹತ್ತಿರ ನಿಲ್ಲಿಸಿ ನೋಡಿ. ಕಂಡ ಕೂಡಲೇ ಗುರುತು ಸಿಕ್ಕಿದರೆ ಸರಿ. ಹುಡುಕಬೇಕಾಗಿ ಬಂದರೆ ಬಣ್ಣ ಬದಲಿಸಿ, ಪಟ್ಟಿ ಹಚ್ಚಿ, ಹೊಸದನ್ನು ಒಳಗಿಡದೆ ಹೊರಗೆ ಹಾಕಿ. ಕೊಳೆಯಾದರೆ ತೊಳೆಯಬಹುದು. ನಿಮ್ಮವರನ್ನು ಹುಡುಕಲು ನಿಮಗೆ ಪುರುಸೊತ್ತಿದೆ, ತಿರುವಿನಲ್ಲಿ ಬರುವ ಗಾಡಿಯವರಿಗೆ ಇರುವುದಿಲ್ಲ.