ಅಗುಳಿಯ ಜಾಗದಲ್ಲಿ ತೋಳು

ಕುರಿ ಹಿಂಡು ದೂರ ಮೇಯಲು ಹೊರಟಾಗ ಗಂಡಸರ ಜೊತೆ ನಾಯಿಗಳೂ ಹೋಗುತ್ತವೆ. ಆಮೇಲೆ ಮನೆಯಲ್ಲಿ ಉಳಿಯುವ ನಿಶ್ಶಬ್ದ ಎಂಥದು ಎಂಬುದು ಕುರಿಗಾರರ ಹೆಂಗಸರಿಗೆ ಗೊತ್ತು.

ಸೋಲಾಪುರ ಸೀಮೆಯ ವಾಗದರಿಯಲ್ಲಿ ಮರೆಪ್ಪನ ಮನೆ ಊರಿನಿಂದ ದೂರ, ಹೊಲದ ನಡುವೆ ಇದೆ. ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಬಾಗಿಲ ಹಿಂದೆ ಎರಡು ಕಬ್ಬಿಣದ ಕೊಂಡಿಗಳು. ಅವುಗಳಲ್ಲಿ ಅಡ್ಡ ಹಾಕುವ ಮರದ ಅಗುಳಿಯನ್ನು ಹಿಂಡು ಹೊರಟ ದಿನ ಕುರಿಗಾರರ ದೇವರು ಬೀರೋಬಾನ ಗುಡಿಯಲ್ಲಿ ಇಟ್ಟು ಬರಬೇಕು. ಹಿಂಡು ಮರಳಿದ ಮೇಲೆಯೇ ಅದು ಮನೆಗೆ ಬರಬೇಕು. ಬಾಗಿಲು ಬಿಗಿದರೆ ಕುರಿಗಳಿಗೆ ಮನೆಯ ದಾರಿ ಮುಚ್ಚುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಪಕ್ಕದ ಹೊಲದ ನಂದಾ ಹೆಂಗಸರ ಉಳಿತಾಯ ಸಂಘವಾದ ಬಚತ ಗಟದ ಸಭೆಯಲ್ಲಿ ಈ ಮಾತು ಎತ್ತಿದ್ದಳು. ಗಂಡಸರು ಮನೆಯಲ್ಲಿಲ್ಲ ಎಂದು ಗುರುತಿಲ್ಲದವರಿಗೆ ಹೇಳಬೇಡಿ, ಹಗಲಲ್ಲೂ ಅಗುಳಿ ಹಾಕಿ, ಫೋನಿನಲ್ಲಿ ಚಾರ್ಜ್ ಇರಲಿ, ಮಕ್ಕಳಿಗೆ ಪೊಲೀಸರ 112 ನಂಬರ್ ಬಾಯಿಪಾಠ ಆಗಲಿ ಎಂದಳು. ಅಲ್ಲಿದ್ದ ಮಕ್ಕಳಿಂದ ಆ ಸಂಖ್ಯೆಯನ್ನು ಹೇಳಿಸಿದಳು. ಎಲ್ಲರಿಗಿಂತ ಜೋರಾಗಿ ಹೇಳಿದವಳು ಮರೆಪ್ಪನ ಮಗಳು ಸೋನಾಲಿ.

ಮರೆಪ್ಪನ ತಾಯಿ ಸುಗಲಾಬಾಯಿ ನಕ್ಕಳು. “ನಂದಾ, ನಿನಗ ಟೀವಿ ನೋಡೂದು ಭಾಳ ಆಗೇತಿ. ಬೀರೋಬಾ ಕುಂತ ಮನಿಗಿ ಯಾವ ಕಳ್ಳ ಬರ್ತಾನ?”

“ಬೀರೋಬಾ ಅದಾನ, ಖರೆ. ಹಂಗಾರ ಕುರಿ ದಡ್ಡಿಗಿ ಮುಳ್ಳ ಯಾಕ ಹಚ್ಚತೀರಿ, ಮಾವಶಿ?”

“ಅದು ತೋಳಕ್ಕ.”

ಸೊಸೆ ಮನೀಷಾಳಿಗೆ ಏನೋ ಹೇಳಬೇಕೆನಿಸಿತ್ತು. ಅತ್ತೆಯ ಮುಂದೆ ಬಾಯಿ ತೆರೆಯದೆ ಮಗಳು ಸೋನಾಲಿಯ ಕೈ ಹಿಡಿದು ಮನೆಗೆ ಹೊರಟಳು.

ಕೆಲವು ದಿನಗಳ ನಂತರ ಕಂಬಳಿ ಕೊಳ್ಳುವವನೊಬ್ಬ ಬಂದ. ಹಣೆಯ ತುಂಬ ದೇವರ ಅರಿಶಿನದ ಭಂಡಾರ, ಬಾಯಲ್ಲಿ ಮೈಲಾರಲಿಂಗನ ಹೆಸರು. ದೇವರ ಮನುಷ್ಯ ಎಂದು ಸುಗಲಾಬಾಯಿ ಚಹಾ ಕೊಟ್ಟಳು. ಹಿಂಡು ಭೀಮಾ ನದಿಯ ದಂಡೆಗೆ ಹೋಗಿದೆ, ನಾಯಿಗಳೂ ಹೋಗಿವೆ, ನಾಳೆ ಕಣ್ಣು ತೋರಿಸಲು ತಾನು ಅಕ್ಕಲಕೋಟಕ್ಕೆ ಹೋಗಬೇಕು ಎಂದೆಲ್ಲ ಹೇಳಿದಳು. ಅವನು ಎಲ್ಲರಿಗೂ ಭಂಡಾರ ಕೊಟ್ಟು ಹೋದ. ಕಂಬಳಿ ಮಾತ್ರ ಕೊಳ್ಳಲಿಲ್ಲ. ಅದು ಯಾರ ಗಮನಕ್ಕೂ ಬರಲಿಲ್ಲ.

ಮರುದಿನ ಮಧ್ಯಾಹ್ನ ಸೋನಾಲಿ ಜ್ವರದಿಂದ ಮಲಗಿದ್ದಳು. ಕೂಸು ಅಮೋಲ್ ತೊಟ್ಟಿಲಲ್ಲಿತ್ತು. ಬದುವಿನ ಮೇಲೆ ಇಬ್ಬರು ಬರುವುದು ಮನೀಷಾಳಿಗೆ ಕಿಟಕಿಯಿಂದ ಕಂಡಿತು. ಒಬ್ಬ ನಿನ್ನೆಯವನು. ಇಬ್ಬರೂ ಮಾತಾಡದೆ ಬರುತ್ತಿದ್ದರು. ಆಕೆ ಕದ ಮುಚ್ಚಿ ಅಗುಳಿಗೆ ಕೈ ಚಾಚಿದಳು. ಅಗುಳಿ ಒರಗಿರುತ್ತಿದ್ದ ಗೋಡೆ ಖಾಲಿಯಿತ್ತು.

“ವಹಿನಿ, ಭಂಡಾರ ತಂದೀನ್ರಿ. ಬಾಗಿಲಾ ತೆಗೀರಿ.”

ಅತ್ತೆ ಮಲಗಿದ್ದಾಳೆ, ಆಮೇಲೆ ಬನ್ನಿ ಎಂದಳು ಮನೀಷಾ.

“ಅತ್ತಿ ಬಸ್ ಹತ್ತಿದ್ದು ನಾವ ನೋಡೇವಿ.”

ದೇವರ ಬೆಳ್ಳಿ, ತನ್ನ ತಾಳಿ, ಎಲ್ಲವನ್ನೂ ಕಿಟಕಿಯಿಂದ ಎಸೆಯುತ್ತೇನೆ, ತೆಗೆದುಕೊಂಡು ಹೋಗಿ ಎಂದಳು. ಹೊರಗಿನಿಂದ ಅದೇ ಮೆತ್ತಗಿನ ದನಿ ಕೇಳಿತು. “ಹುಡುಗಿ ಇವತ್ತ ಸಾಲಿಗಿ ಹೋಗಿಲ್ಲಲ್ಲ. ಬಾಗಿಲಾ ತೆಗಿ.”

ಮನೀಷಾ ತನ್ನ ಎಡಗೈಯನ್ನು ಎರಡೂ ಕೊಂಡಿಗಳಲ್ಲಿ ತೂರಿಸಿದಳು. ಭುಜ ಕದಕ್ಕೆ ಕೊಟ್ಟು ನಿಂತಳು. ಬಲಗೈಯಿಂದ ಮಗಳಿಗೆ ಫೋನ್ ಕೊಟ್ಟು, ಉಣ್ಣೆ ಮೂಟೆಗಳ ಹಿಂದೆ ಕೂಸಿನ ಜೊತೆ ಅಡಗಲು ಸನ್ನೆ ಮಾಡಿದಳು.

ಸೋನಾಲಿ 112ಕ್ಕೆ ಫೋನ್ ಹಚ್ಚಿದಳು. ಮನೆಗೆ ಜನ ನುಗ್ಗುತ್ತಿದ್ದಾರೆ, ಅವ್ವ ಬಾಗಿಲು ಹಿಡಿದು ನಿಂತಿದ್ದಾಳೆ ಎಂದು ಶಾಲೆಯ ಮರಾಠಿಯಲ್ಲಿ ಪಿಸುಗುಟ್ಟಿದಳು. ಊರಿನ ಹೆಸರು, ಅಪ್ಪನ ಹೆಸರು ಹೇಳಿದಳು. ನಂತರ ನಂದಾಳಿಗೆ ಹಚ್ಚಿದಳು.

ಕದಕ್ಕೆ ಒದೆ ಬಿತ್ತು. ಮತ್ತೆ ಬಿತ್ತು. ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸದ್ದು ಬಂತು. ಮುರಿದದ್ದು ಬಾಗಿಲಲ್ಲ. ಮನೀಷಾ ಕೂಗಲಿಲ್ಲ, ಕೂಗಿದರೆ ಮಗಳು ಹೊರಗೆ ಬರುತ್ತಾಳೆ. ಕದ ಅಂಗೈಯಗಲ ತೆರೆಯಿತು. ಒಂದು ಕೈ ಒಳಗೆ ಬಂದು ತಡಕಾಡಿತು. ಉಗುರುಗಳಲ್ಲಿ ಇನ್ನೂ ಭಂಡಾರವಿತ್ತು. ಮನೀಷಾ ಇಡೀ ಮೈಭಾರ ಹಾಕಿ ಕದ ಒತ್ತಿದಳು. ಆ ಕೈ ಚೀರಾಟದೊಡನೆ ಹೊರಗೆ ಹೋಯಿತು.

ಅಷ್ಟರಲ್ಲಿ ಬದುವಿನ ಆಚೆಯಿಂದ ಹೆಂಗಸರ ಕೂಗು ಕೇಳಿತು. ತೊಗರಿ ಕೊಯ್ಯುತ್ತಿದ್ದವರೆಲ್ಲ ಕುಡುಗೋಲು ಹಿಡಿದು ನಂದಾಳ ಹಿಂದೆ ಓಡಿ ಬರುತ್ತಿದ್ದರು. ಇಬ್ಬರೂ ಕಬ್ಬಿನ ಹೊಲಕ್ಕೆ ನುಗ್ಗಿದರು. ಪೊಲೀಸ್ ಗಾಡಿ ಬಂದ ಮೇಲೆ ಒಬ್ಬ ಸಿಕ್ಕಿದ. ಇನ್ನೊಬ್ಬ ಇನ್ನೂ ಸಿಕ್ಕಿಲ್ಲ.

ಸಂಜೆ ಬಸ್ಸಿನಿಂದ ಇಳಿದ ಸುಗಲಾಬಾಯಿಗೆ ದಾರಿಯಲ್ಲೇ ಸುದ್ದಿ ತಿಳಿಯಿತು. ಆಕೆ ನೇರ ಗುಡಿಗೆ ಹೋದಳು, ಅಗುಳಿಯನ್ನು ಕೂಸಿನಂತೆ ಎದೆಗೆ ಅವಚಿಕೊಂಡು ಮನೆಗೆ ಬಂದಳು.

ಹಿಂಡನ್ನು ತಮ್ಮನಿಗೆ ಒಪ್ಪಿಸಿ ಮರೆಪ್ಪ ಸೋಲಾಪುರದ ಆಸ್ಪತ್ರೆಗೆ ಬಂದ. ಹೆಂಡತಿಯ ಕೈಯ ಪಟ್ಟಿಯನ್ನು ಬಹಳ ಹೊತ್ತು ನೋಡಿದ. “ಕುರಿಗಿ ಮುಳ್ಳ ಹಚ್ಚಿದೆ. ಮಕ್ಕಳನ್ನ ಬಯಲಾಗ ಬಿಟ್ಟೆ,” ಎಂದ.

ಸುಗಲಾಬಾಯಿ ಮಗನ ಮುಖ ನೋಡಲಿಲ್ಲ. “ಬೀರೋಬಾ ಅಗುಳಿ ಕೇಳಿದ್ದಿಲ್ಲೋ ಮರೆಪ್ಪಾ. ನಾವ ಒಯ್ದು ಕೊಟ್ಟೇವಿ.”

ಈ ವರ್ಷ ಹಿಂಡು ಹೊರಟಾಗ ಆ ಮನೆಯವರು ಗುಡಿಯಲ್ಲಿ ಒಂದು ಹಿಡಿ ಉಣ್ಣೆ ಇಟ್ಟು ಬಂದರು. ಅಗುಳಿ ಮನೆಯಲ್ಲೇ ಉಳಿಯಿತು. ಒಂದು ನಾಯಿಯೂ ಉಳಿಯಿತು. ಮನೀಷಾಳ ಕೈ ಮಾತ್ರ ಮೊದಲಿನಂತೆ ನೇರವಾಗಿಲ್ಲ. ಸೋನಾಲಿ ಈಗಲೂ ಬಾಗಿಲಿಗೆ ಬೆನ್ನು ಮಾಡಿ ಊಟಕ್ಕೆ ಕೂರುವುದಿಲ್ಲ.

ಅಕ್ಕಾ, ಈ ಕಥೆ ಮುಗಿದ ಮೇಲೆ ಒಮ್ಮೆ ಎದ್ದು ನಿಮ್ಮ ಬಾಗಿಲ ಹಿಂದೆ ಕೈಯಾಡಿಸಿ ನೋಡಿ. ಅಗುಳಿ ಗಟ್ಟಿಯಿದೆಯೇ? ಬಂದವರು ದೇವರ ಹೆಸರು ಹೇಳಿದರೂ ಗುರುತಿಲ್ಲದಿದ್ದರೆ ಕದ ತೆಗೆಯಬೇಡಿ. ಯಜಮಾನರು ಎಲ್ಲಿ ಎಂದು ಕೇಳಿದರೆ ಹೊಲದಲ್ಲೇ ಇದ್ದಾರೆ ಎನ್ನಿ. ನೆರೆಮನೆಯವಳ ನಂಬರ್ ಇಟ್ಟುಕೊಳ್ಳಿ, ನಿಮ್ಮದನ್ನು ಆಕೆಗೆ ಕೊಡಿ. ಮಕ್ಕಳಿಗೆ 112 ಇವತ್ತೇ ಕಲಿಸಿ. ನಿಮ್ಮ ಮನೆಯ ಬಾಗಿಲಿಗೆ ಮರದ ಅಗುಳಿಯೇ ಇರಲಿ. ಆ ಜಾಗಕ್ಕೆ ಇನ್ನೊಬ್ಬ ತಾಯಿಯ ತೋಳು ಬರುವುದು ಬೇಡ.